ಪುಸ್ತಕದಲ್ಲಿ 9.8, ನಮ್ಮ ಲ್ಯಾಬಿನಲ್ಲಿ 10.9: ಯಾವುದನ್ನು ನಂಬುವುದು?

ಪ್ರಶ್ನೆ: ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಲ್ಯಾಬಿನಲ್ಲಿ ಮಕ್ಕಳ ಕೈಗೆ ಉಪಕರಣ ಕೊಟ್ಟಾಗಲೆಲ್ಲ ಒಂದೇ ಪೇಚು, ಪುಸ್ತಕದ ಉತ್ತರ ಬರುವುದಿಲ್ಲ. ಸರಳ ಲೋಲಕ (ದಾರಕ್ಕೆ ಕಟ್ಟಿದ ಗುಂಡು) ತೂಗಿಸಿ ಗುರುತ್ವ ವೇಗೋತ್ಕರ್ಷದ (ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದರ) ಲೆಕ್ಕ ಹಾಕಿದರೆ 9.8 ಬರಬೇಕಾದಲ್ಲಿ ಒಂದು ಗುಂಪಿಗೆ 10.9, ಇನ್ನೊಂದಕ್ಕೆ 9.2. ಕೊನೆಗೆ ‘ಇರಲಿ, 9.8 ಅಂತ ಬರೆದುಕೊಳ್ಳಿ’ ಎಂದುಬಿಡುತ್ತೇನೆ. ಇಷ್ಟೆಲ್ಲ ಮಾಡಿಸುವುದಕ್ಕಿಂತ ಬೋರ್ಡಿನ ಮೇಲೆ ಬರೆದು ಹೇಳಿಕೊಡುವುದೇ ವಾಸಿಯಲ್ಲವೇ?

ಉತ್ತರ: 9.8 ಎಂಬ ಸಂಖ್ಯೆಯಷ್ಟೇ ಬೇಕಿದ್ದರೆ ಹೌದು, ಬೋರ್ಡೇ ವಾಸಿ. ಒಂದು ನಿಮಿಷದ ಕೆಲಸ. ಆದರೆ ನಿಮ್ಮ ಕ್ಲಾಸಿನಲ್ಲಿ ಬಂದ ಆ 10.9 ಮತ್ತು 9.2 ಇವೆಯಲ್ಲ, ಅವುಗಳ ಒಳಗೆ ಒಂದೊಂದು ಪಾಠ ಕೂತಿದೆ. ಅದನ್ನು ಹೊರಗೆ ತೆಗೆಯುವ ಮೊದಲೇ ನೀವು ಅಳಿಸಿಬಿಡುತ್ತಿದ್ದೀರಿ.

10.9ರ ಗುಂಪನ್ನೇ ತೆಗೆದುಕೊಳ್ಳಿ. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು, 20 ಆಂದೋಲನಕ್ಕೆ 40.1 ಸೆಕೆಂಡು. ಈಗ ಎಣಿಸುವ ಮಗುವಿನ ಬಾಯಿಯನ್ನು ಗಮನಿಸಿ. ಗುಂಡು ಬಿಟ್ಟ ಕ್ಷಣದಲ್ಲಿ ಸ್ಟಾಪ್‌ವಾಚ್ ಒತ್ತುತ್ತಾ ‘ಒಂದು’ ಎಂದು ಕೂಗುತ್ತದೆ. ‘ಸೊನ್ನೆ’ ಎನ್ನಬೇಕಿತ್ತು. ‘ಇಪ್ಪತ್ತು’ ಎಂದು ನಿಲ್ಲಿಸಿದಾಗ ಆಗಿರುವುದು 19 ಆಂದೋಲನ, ವಾಚಿನಲ್ಲಿ 38.1 ಸೆಕೆಂಡು. ಅದನ್ನು 20ರಿಂದ ಭಾಗಿಸಿ ಲೆಕ್ಕ ಮುಂದುವರಿಸಿದರೆ ಸರಿಯಾಗಿ 10.9 ಬರುತ್ತದೆ. ಉಪಕರಣದ್ದೂ ಸೂತ್ರದ್ದೂ ತಪ್ಪಿಲ್ಲ.

9.2ರ ಗುಂಪಿನ ಕಥೆ ಬೇರೆ. ಅವರ ಲೋಲಕ ಗಿಡ್ಡದು ಇರಬಹುದು. ದಾರವನ್ನು ಮಾತ್ರ 30 ಸೆಂಟಿಮೀಟರ್ ಅಂತ ಅಳೆದಿರುತ್ತಾರೆ. ಲೋಲಕದ ಉದ್ದ ಎಂದರೆ ಗುಂಡಿನ ಮಧ್ಯದವರೆಗೆ. ಕೊಕ್ಕೆ, ಗುಂಡಿನ ಅರ್ಧ ಸೇರಿ 2 ಸೆಂಟಿಮೀಟರ್ ಬಿಟ್ಟುಹೋದರೆ ಉತ್ತರ 9.2ಕ್ಕೆ ಇಳಿಯುತ್ತದೆ.

‘ನೀವು ಅಲ್ಲೇ ಕೂತು ಊಹಿಸಿದಿರಿ, ತರಗತಿಯಲ್ಲಿ ಹೇಗೆ ಕಂಡುಹಿಡಿಯಲಿ?’ ಎಂದು ಕೇಳುತ್ತೀರಿ. ಇಡೀ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಪ್ರತಿ ತಪ್ಪಿಗೂ ಅದರದೇ ಹೆಜ್ಜೆಗುರುತು ಇರುತ್ತದೆ. 20ರ ಬದಲು 50 ಆಂದೋಲನ ಎಣಿಸಲು ಹೇಳಿ. ಎಣಿಕೆಯ ತಪ್ಪಾಗಿದ್ದರೆ 10.9 ಇದ್ದದ್ದು 10.2ಕ್ಕೆ ಬರುತ್ತದೆ, ಏಕೆಂದರೆ ಇಪ್ಪತ್ತರಲ್ಲಿ ಒಂದು ತಪ್ಪುವುದಕ್ಕೂ ಐವತ್ತರಲ್ಲಿ ಒಂದು ತಪ್ಪುವುದಕ್ಕೂ ವ್ಯತ್ಯಾಸವಿದೆ. ಉದ್ದದ ತಪ್ಪು ಹಾಗಲ್ಲ. ಎಷ್ಟು ಎಣಿಸಿದರೂ 9.2 ಜಗ್ಗುವುದಿಲ್ಲ. ಆದರೆ ದಾರವನ್ನು ಮೀಟರಿನ ಹತ್ತಿರಕ್ಕೆ ಉದ್ದ ಮಾಡಿ ನೋಡಿ, ಅದೇ 2 ಸೆಂಟಿಮೀಟರ್ ಬಿಟ್ಟರೂ ಉತ್ತರ 9.6ಕ್ಕೆ ಏರುತ್ತದೆ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಡುವುದು ಎಂಬ ಮಾತನ್ನು ಪುಸ್ತಕದಲ್ಲಿ ಹತ್ತು ಸಲ ಓದಿಸಿದರೂ ತಲೆಗೆ ಹತ್ತದ ಮಗುವಿಗೆ, ತನ್ನ ತಪ್ಪನ್ನು ತಾನೇ ಹಿಡಿಯುವ ಈ ಆಟದಲ್ಲಿ ಅದು ತಾನಾಗಿ ಹತ್ತುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಮಾಡಿದ್ದೇ ಬೇರೆ. ಉತ್ತರ ಮೊದಲು ಬರೆದು, ಅದಕ್ಕೆ ಹೊಂದುವ ಹಾಗೆ ರೀಡಿಂಗುಗಳನ್ನು ಹಿಂದಿನಿಂದ ಕಟ್ಟಿಕೊಂಡು ಬಂದೆ. ರೆಕಾರ್ಡಿನಲ್ಲಿ ‘ಉತ್ತಮ’ ಎಂದು ಕೆಂಪು ಶಾಯಿಯಲ್ಲಿ ಬಿತ್ತು. ಲೋಲಕದ ಬಗ್ಗೆ ಏನೂ ಕಲಿಯಲಿಲ್ಲ, ಲೆಕ್ಕವನ್ನು ತಿರುಗಾಮುರುಗಾ ಮಾಡುವುದು ಚೆನ್ನಾಗಿ ಕಲಿತೆ.

ಇನ್ನೊಂದು ವಿಷಯ. ಹೊಂದದ ಉತ್ತರವೆಲ್ಲ ಕೈತಪ್ಪು ಎಂದೂ ಅಲ್ಲ. 1672ರಲ್ಲಿ ಝಾನ್ ರಿಷೆ ಎಂಬ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದಲ್ಲಿ ಸಮಭಾಜಕಕ್ಕೆ ಹತ್ತಿರವಿರುವ ಕಯೆನ್‌ಗೆ ಹೋದರು. ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸರಿಪಡಿಸಲು ಲೋಲಕವನ್ನು ಸುಮಾರು 3 ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು. ‘ಇರಲಿ, ಪ್ಯಾರಿಸ್ಸಿನ ಅಳತೆಯನ್ನೇ ಬರೆದುಕೊಳ್ಳೋಣ’ ಎನ್ನದೆ ರಿಷೆ ತಿಂಗಳುಗಟ್ಟಲೆ ಮತ್ತೆ ಮತ್ತೆ ಅಳೆದರು. ಗುರುತ್ವ ಕಡಿಮೆ ಇದ್ದಲ್ಲಿ ಲೋಲಕ ನಿಧಾನವಾಗುತ್ತದೆ. ಸಮಭಾಜಕದ ಹತ್ತಿರ ಗುರುತ್ವ ಸ್ವಲ್ಪ ಕಡಿಮೆ, ಭೂಮಿ ನಡುವಿನಲ್ಲಿ ಉಬ್ಬಿದೆ ಎಂಬ ವಾದಕ್ಕೆ ನ್ಯೂಟನ್ ಈ ಅಳತೆಯನ್ನೂ ಬಳಸಿಕೊಂಡರು. ಸಮಭಾಜಕದಲ್ಲಿ 9.78, ಧ್ರುವಗಳಲ್ಲಿ 9.83 ಎಂದು ಇಂದು ನಮಗೆ ಗೊತ್ತು. ಪುಸ್ತಕದ 9.8 ಇವೆರಡರ ನಡುವಿನ ಒಂದು ಅನುಕೂಲ, ಅಷ್ಟೇ.

ಶಾಲೆಯ ಮಟ್ಟದಲ್ಲಿ ಇದಕ್ಕೆ ಸಮನಾದದ್ದು ಕುದಿಯುವ ನೀರು. ಥರ್ಮಾಮೀಟರು 97 ಡಿಗ್ರಿಯಲ್ಲೇ ನಿಂತರೆ ಅದನ್ನು ಬೈಯುವ ಮೊದಲು ನಿಮ್ಮ ಊರು ಎಷ್ಟು ಎತ್ತರದಲ್ಲಿದೆ ನೋಡಿ. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಮೇಲೇರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. 900 ಮೀಟರಿನಲ್ಲಿ 97 ಬಂದರೆ ಅದು ಸರಿಯಾದ ಉತ್ತರ.

ಹಾಗಂತ ಕೆಟ್ಟ ಉಪಕರಣವನ್ನೂ ‘ಕಲಿಕೆ’ ಎಂದು ಸಮರ್ಥಿಸಬೇಡಿ. ಸೂಜಿ ಸೊನ್ನೆಗೆ ಬಾರದ ಅಮ್ಮೀಟರು, ತುದಿ ಕಿಲುಬು ಹಿಡಿದ ವೈರು, ಸೋರುವ ಬ್ಯೂರೆಟ್ಟು, ಇವು ಮಕ್ಕಳ ಸಮಯ ತಿನ್ನುತ್ತವೆ ಅಷ್ಟೇ. ಹಿಂದಿನ ದಿನ ಸಂಜೆ ಇಡೀ ಪ್ರಯೋಗವನ್ನು ನೀವೇ ಒಮ್ಮೆ ಮಾಡಿ ನೋಡುವುದಕ್ಕೆ ಬದಲಿ ಇಲ್ಲ. ಆಸಿಡ್ಡು, ಬೆಂಕಿಯ ಪ್ರಯೋಗಗಳಲ್ಲಿ ‘ತಪ್ಪಿ ನೋಡಲಿ’ ಎಂಬ ಉದಾರತೆಯೂ ಬೇಡ. ನೀರಿಗೆ ಆಸಿಡ್ಡೇ ಹೊರತು ಆಸಿಡ್ಡಿಗೆ ನೀರಲ್ಲ ಎಂಬುದನ್ನು ಯಾರೂ ಸ್ವಂತ ಅನುಭವದಿಂದ ಕಲಿಯಬೇಕಾಗಿಲ್ಲ.

ಇನ್ನು ನಿಮ್ಮ ತರಗತಿಗೆ ಬರೋಣ. ಪ್ರಯೋಗಕ್ಕೆ ಮೊದಲು 9.8 ಎಂಬುದನ್ನು ಬಾಯಿಬಿಡಬೇಡಿ (ಗೊತ್ತಿರುವ ಮಕ್ಕಳು ಇದ್ದೇ ಇರುತ್ತಾರೆ, ಚಿಂತೆಯಿಲ್ಲ). ರೀಡಿಂಗುಗಳನ್ನು ಪೆನ್ನಿನಲ್ಲೇ ಬರೆಸಿ, ತಪ್ಪಾದರೆ ಒಂದು ಗೆರೆ ಎಳೆಯಲಿ, ರಬ್ಬರು ಬೇಡ. ಎಲ್ಲ ಗುಂಪಿನ ಉತ್ತರಗಳನ್ನೂ ಬೋರ್ಡಿನ ಮೇಲೆ ಸಾಲಾಗಿ ಬರೆದು, ‘ನಿಮ್ಮದು ಯಾಕೆ ಜಾಸ್ತಿ? ಅವರದು ಯಾಕೆ ಕಡಿಮೆ?’ ಎಂದು ಕೇಳಿ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ, ನಾಲಿಗೆ ತುರಿಸುತ್ತದೆ.

ರೆಕಾರ್ಡಿನಲ್ಲಿ 10.9 ಎಂದೇ ಇರಲಿ. ಅದರ ಕೆಳಗೆ ‘ಎಣಿಕೆ ಒಂದರಿಂದ ಶುರುವಾಗಿತ್ತು’ ಎಂಬ ಒಂದು ಸಾಲು, ಅದರ ಕೆಳಗೆ ಸೊನ್ನೆಯಿಂದ ಎಣಿಸಿ ಮತ್ತೆ ತೆಗೆದ ರೀಡಿಂಗು. ಅಂಕ ಕೊಡುವಾಗ ನಾನಾಗಿದ್ದರೆ, ಮೊದಲ ಸಲವೇ 9.8 ಬಂದವರಿಗಿಂತ ಈ ಪುಟಕ್ಕೆ ಒಂದು ಅಂಕ ಹೆಚ್ಚು ಕೊಡುತ್ತಿದ್ದೆ.