ನೀರು ಬೇಕಾದದ್ದು ಬಾಣಂತಿಗೆ, ಕೂಸಿಗಲ್ಲ

ಹೋದ ಬೇಸಿಗೆಯಲ್ಲಿ ತಿಪಟೂರು ಕಡೆಯ ಹಳ್ಳಿಯೊಂದರಿಂದ ಒಬ್ಬ ಬಾಣಂತಿಯನ್ನು ನನ್ನ ಆಯುರ್ವೇದ ಕ್ಲಿನಿಕ್ಕಿಗೆ ಕರೆದುಕೊಂಡು ಬಂದಿದ್ದರು. ಹೆರಿಗೆಯಾಗಿ 12ನೇ ದಿನ. ಕಿವಿಗೆ ಹತ್ತಿ, ತಲೆಗೆ ಉಣ್ಣೆ ಟೋಪಿ, ಮೈಮೇಲೆ ಸ್ವೆಟರ್. ಹೊರಗೆ ಏಪ್ರಿಲ್ ಬಿಸಿಲು. ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದೆ, ಉರಿಮೂತ್ರ, ಕೂತರೆ ಹೊಲಿಗೆ ನೋವು. ತುಟಿ ನೋಡಿದರೆ ಒಡೆದು ಸಿಪ್ಪೆ ಎದ್ದಿತ್ತು. "ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮ?" ಅಂದೆ. ಅವಳು ಬಾಯಿ ತೆಗೆಯುವ ಮೊದಲೇ ಅಜ್ಜಿ ಉತ್ತರ ಕೊಟ್ಟರು. "ಎರಡು ಲೋಟ ಡಾಕ್ಟ್ರಮ್ಮ. ಬೆಳಿಗ್ಗೆ ಒಂದು, ರಾತ್ರಿ ಒಂದು. ಜಾಸ್ತಿ ಕೊಟ್ಟೇ ಇಲ್ಲ."

ಹೆಮ್ಮೆಯಿಂದಲೇ ಹೇಳಿದರು. ಲೋಟ ಎಂಥದ್ದು ಅಂತ ಕೇಳಿದರೆ ಚೀಲದಿಂದ ತೆಗೆದೇ ತೋರಿಸಿದರು. ಸೀಮಂತಕ್ಕೆ ಬಂದಿದ್ದ ಪುಟ್ಟ ಬೆಳ್ಳಿ ಲೋಟ. ಅದರ ತುಂಬ ನೀರು ಹಾಕಿ, ಔಷಧಿ ಅಳೆಯುವ ಗ್ಲಾಸಿಗೆ ಸುರಿದು ನೋಡಿದೆ. 90 ಎಂ.ಎಲ್.

ಅಜ್ಜಿ ಮಗುವನ್ನೆತ್ತಿಕೊಂಡು ಆಚೆ ಹೋದಾಗ ಹುಡುಗಿ ಮೆಲ್ಲಗೆ ಹೇಳಿದಳು. "ತಲೆಗೆ ಎರೆಯುವಾಗ ಅಜ್ಜಿ ಸೀಗೆಪುಡಿ ತರೋಕೆ ಅಂತ ಒಳಗೆ ಹೋಗ್ತಾರೆ ಮೇಡಂ. ಆಗ ಹಂಡೆ ನೀರನ್ನೇ ಒಂದೆರಡು ಚೊಂಬು ಕುಡಿದುಬಿಡ್ತೀನಿ."

ಸ್ನಾನದ ನೀರು! ಇದನ್ನು ಕೇಳಿದ್ದು ಮೊದಲ ಸಲವೇನಲ್ಲ. ಒಬ್ಬಳು ಮುಖ ತೊಳೆಯುವ ನೆಪದಲ್ಲಿ ನಲ್ಲಿಗೆ ಬಾಯಿ ಕೊಡುತ್ತಿದ್ದಳು. ಇನ್ನೊಬ್ಬಳು, ಸ್ವತಃ ಎಂಜಿನಿಯರ್, ಗಂಡನಿಗೆ ಮೆಸೇಜ್ ಮಾಡಿ ಬಾಟಲಿ ತರಿಸಿ ದಿಂಬಿನ ಕೆಳಗಿಟ್ಟುಕೊಳ್ಳುತ್ತಿದ್ದಳು.

ಎಣ್ಣೆ ನೀರು, ಹೊಟ್ಟೆಗೆ ಬಟ್ಟೆ ಕಟ್ಟುವುದು, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಇವೆಲ್ಲ ನಮ್ಮ ಹೆಂಗಸರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನನಗಿಂತ ಚೆನ್ನಾಗಿ ಮಾಡುತ್ತಾರೆ. ತಲೆಕೆಡುವುದು ಈ ನೀರಿನ ವಿಷಯದಲ್ಲಿ ಮಾತ್ರ. ಅದೂ "ನಿಮ್ಮ ಆಯುರ್ವೇದದಲ್ಲೇ ಹಾಗೆ ಹೇಳಿದೆಯಲ್ವಾ ಮೇಡಂ?" ಅಂದಾಗ.

ಹೇಳಿಲ್ಲ. ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೇ ಅಧ್ಯಾಯದಲ್ಲಿ ಬಾಣಂತಿಯ ಆರೈಕೆ ಇದೆ. ಮೊದಲ ಮಾತೇ 'ಅವಳಿಗೆ ಹಸಿವಾಗಿದೆ ಅಂತ ತಿಳಿದುಕೊಂಡು' ಅಂತ. ಆಮೇಲೆ ಅವಳಿಗೆ ಅರಗುವಷ್ಟು ತುಪ್ಪವನ್ನೋ ಎಣ್ಣೆಯನ್ನೋ ಹಿಪ್ಪಲಿ, ಹಿಪ್ಪಲಿ ಬೇರು, ಚವ್ಯ, ಚಿತ್ರಮೂಲ, ಶುಂಠಿ ಇವುಗಳ ಪುಡಿ ಸೇರಿಸಿ ಕುಡಿಸಬೇಕು. ಅದು ಅರಗಿದ ಮೇಲೆ ಗಂಜಿ. ಎಂಥ ಗಂಜಿ? 'ದ್ರವಾಂ' ಅನ್ನುತ್ತದೆ ಗ್ರಂಥ. ಅಂದರೆ ನೀರಾಗಿರುವ ಗಂಜಿ. ಐದೋ ಏಳೋ ರಾತ್ರಿ ಹೀಗೆ ನೋಡಿಕೊಂಡು, ಆಮೇಲೆ ನಿಧಾನಕ್ಕೆ ಪುಷ್ಟಿಯ ಆಹಾರ. ನಮ್ಮಲ್ಲಿ ಏನು ಮಾಡುತ್ತಾರೆ? ಮೂರನೇ ದಿನಕ್ಕೇ ಒಣಕೊಬ್ಬರಿ, ಅಂಟು, ತುಪ್ಪ ಹಾಕಿದ ಉಂಡೆ ತಿನ್ನಿಸಿ, ಮೇಲೆ ನೀರು ಕೇಳಿದರೆ ಗದರುತ್ತಾರೆ. (ಚಿತ್ರಮೂಲ ಅಂದೆ ಅಂತ ಗ್ರಂಥಿಗೆ ಅಂಗಡಿಗೆ ಓಡಬೇಡಿ. ಅದು ಉರಿಯುವ ಬೇರು, ಶುದ್ಧಿ ಮಾಡದೆ ಬಳಸುವಂಥದ್ದಲ್ಲ.)

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಬಾಣಂತಿಗೆ ಬಂದ ಕಾಯಿಲೆ ವಾಸಿ ಮಾಡುವುದು ಯಾಕೆ ಕಷ್ಟ ಅಂತ ಕಾರಣ ಕೊಡುತ್ತಾರೆ. ಹೆರುವ ನೋವು, ಮೈಯಿಂದ ಹೋದ ನೀರು, ಹೋದ ರಕ್ತ, ಇವುಗಳಿಂದ ಅವಳ ಶರೀರ ಖಾಲಿಯಾಗಿರುತ್ತದೆ ಅಂತ. ಆ ಹೋದ ನೀರಿಗೆ ಗ್ರಂಥ ಬಳಸುವ ಪದ 'ಕ್ಲೇದನ'. ಖಾಲಿಯಾದದ್ದನ್ನು ತುಂಬಿ ಅನ್ನುವ ಗ್ರಂಥವನ್ನೇ ಮುಂದಿಟ್ಟುಕೊಂಡು ನಾವು ಇನ್ನಷ್ಟು ಒಣಗಿಸುತ್ತಿದ್ದೇವೆ. ಬಾಣಂತಿಗೆ ತಣ್ಣನೆಯದು ಬೇಡ, ಬಿಸಿನೀರು ಕೊಡಿ ಅಂತ ನಾವೂ ಹೇಳುತ್ತೇವೆ. ಬಾಯಿಂದ ಬಾಯಿಗೆ ಬರುವಾಗ 'ತಣ್ಣೀರು ಬೇಡ' ಅನ್ನುವುದರಲ್ಲಿ ತಣ್ಣನೆಯದು ಬಿದ್ದುಹೋಗಿ 'ನೀರು ಬೇಡ' ಉಳಿಯಿತೇನೋ. ಇದು ನನ್ನ ಊಹೆ ಅಷ್ಟೆ.

ಹಿರಿಯರ ಹೆದರಿಕೆ ಮೂರು. ಹೊಟ್ಟೆ ಬರುತ್ತೆ, ಹೊಲಿಗೆ ನಂಜಾಗುತ್ತೆ, ಕೂಸಿಗೆ ಶೀತ ಆಗುತ್ತೆ.

ಹೊಟ್ಟೆ ದಪ್ಪ ಕಾಣುವುದು ಗರ್ಭಕೋಶ ಇನ್ನೂ ಕುಗ್ಗುತ್ತಿರುವುದರಿಂದ. ಅದು ಮೊದಲಿನ ಅಳತೆಗೆ ಬರಲು ಸುಮಾರು ಆರು ವಾರ ಬೇಕು. ಒಂಬತ್ತು ತಿಂಗಳು ಹಿಗ್ಗಿದ ಹೊಟ್ಟೆಯ ಸ್ನಾಯು ಬಿಗಿಯಾಗಲು ಇನ್ನೂ ಜಾಸ್ತಿ ದಿನ ಬೇಕು. ಕುಡಿದ ನೀರು ಹೊಟ್ಟೆಯ ಚರ್ಮದ ಕೆಳಗೆ ಹೋಗಿ ಕೂರುವುದಿಲ್ಲ, ಮೂತ್ರವಾಗಿ ಹೋಗುತ್ತದೆ. ಹೊಲಿಗೆ ಮಾತಿಗೆ ಬಂದರೆ, ನೀರು ಕಡಿಮೆಯಾಗಿ ಮಲ ಕಲ್ಲಾಗಿ, ಅವಳು ತಿಣುಕಿದಾಗಲೇ ಹೊಲಿಗೆಗೆ ತೊಂದರೆ. ಇನ್ನು ಶೀತ. ತಾಯಿ ಕುಡಿದ ನೀರಿನಿಂದ ಕೂಸಿಗೆ ಶೀತ ಬರುವುದಿಲ್ಲ, ಹಾಲಿಗೆ ಆ ನೀರು ಬೇಕೇ ಬೇಕು. ಎದೆಹಾಲಿನಲ್ಲಿ ನೂರಕ್ಕೆ 87 ಪಾಲಿನಷ್ಟು ನೀರೇ ಇರುತ್ತದೆ. ಹಾಲು ಚೆನ್ನಾಗಿ ಇಳಿದ ಮೇಲೆ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಅವಳ ಮೈಯಿಂದ ಆಚೆ ಹೋಗುತ್ತದೆ. ಎರಡು ಬೆಳ್ಳಿ ಲೋಟದಿಂದ ಇದನ್ನು ಎಲ್ಲಿಂದ ತರುವುದು?

ಹಾಗಂತ ನೀರು ಕುಡಿದಷ್ಟೂ ಹಾಲು ಉಕ್ಕುತ್ತದೆ ಅಂತಲೂ ಅಲ್ಲ. ಹಾಲು ಹೆಚ್ಚುವುದು ಮುಖ್ಯವಾಗಿ ಮಗು ಚೀಪುವುದರಿಂದ. ಕೆಲವರು ಬಕೆಟ್ ಗಟ್ಟಲೆ ಕುಡಿಸಲು ಹೋಗುತ್ತಾರೆ, ಅದೂ ಬೇಡ. ಬಾಯಾರಿದಾಗೆಲ್ಲ ಕುಡಿಯಲಿ, ಪ್ರತಿ ಸಲ ಹಾಲೂಡಿಸಲು ಕೂತಾಗ ಪಕ್ಕದಲ್ಲಿ ಒಂದು ಲೋಟ ಇರಲಿ. ಮೂತ್ರದ ಬಣ್ಣ ನೋಡಿ. ತಿಳಿಯಾಗಿದ್ದರೆ ಸರಿ, ಗಾಢ ಹಳದಿಯಾದರೆ ಸಾಲುತ್ತಿಲ್ಲ. ಸಿಸೇರಿಯನ್ ಆಗಿದ್ದರೆ ಮೊದಲ ದಿನ ಆಸ್ಪತ್ರೆಯವರು ಹೇಳಿದಂತೆ. ಬಿ.ಪಿ., ಹೃದಯ, ಕಿಡ್ನಿ ತೊಂದರೆ ಇದ್ದವರು ತಮ್ಮ ಡಾಕ್ಟರನ್ನೇ ಕೇಳಬೇಕು, ಇಲ್ಲಿ ಓದಿದ್ದನ್ನು ನಂಬಿ ಕೂರಬಾರದು.

ನಾನು ಇಷ್ಟು ಹಟ ಹಿಡಿಯಲು ಬೇರೆ ಕಾರಣವೂ ಇದೆ. ಹೆರಿಗೆಯಾದ ಮೇಲಿನ ಕೆಲವು ವಾರ ಹೆಂಗಸರ ರಕ್ತ ಹೆಪ್ಪುಗಟ್ಟುವುದು ಸಹಜವಾಗಿಯೇ ಜಾಸ್ತಿ. ಮೈಯಲ್ಲಿ ನೀರು ಕಡಿಮೆಯಾದರೆ ಆ ಅಪಾಯ ಇನ್ನೂ ಏರುತ್ತದೆ. ಕೆಲವರಿಗೆ ಮಿದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟುತ್ತದೆ. ಬಾಣಂತಿಯರ ಈ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ದಶಕಗಳಿಂದ ನೋಡುತ್ತ, ಅದರ ಬಗ್ಗೆ ಬರೆಯುತ್ತ ಬಂದಿದ್ದಾರೆ. ನೀರು ಬಿಟ್ಟವರಿಗೆಲ್ಲ ಹೀಗಾಗುತ್ತದೆ ಅಂತ ಖಂಡಿತ ಹೇಳುತ್ತಿಲ್ಲ, ಅಪರೂಪದ್ದೇ. ಆದರೆ ಹಿಂದಿನವರು ಬಾಣಂತಿ ಸನ್ನಿ ಅಂತ ಕರೆದು ಕೈಚೆಲ್ಲುತ್ತಿದ್ದುದರಲ್ಲಿ ಇದೂ ಒಂದಷ್ಟು ಇದ್ದಿರಬಹುದು. ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು, ಒಂದೇ ಕಾಲು ಊದಿ ನೋಯುವುದು, ಇವುಗಳಲ್ಲಿ ಯಾವುದು ಕಂಡರೂ ನನ್ನ ಹತ್ತಿರ ಬರಬೇಡಿ. ಕಷಾಯ ಗಿಷಾಯ ಅಂತ ಕೂರದೆ ಸೀದಾ ದೊಡ್ಡಾಸ್ಪತ್ರೆಗೆ ಹೋಗಿ.

ತಮಾಷೆ ಏನು ಗೊತ್ತಾ? ತಾಯಿಗೆ ನೀರು ಬೇಡ ಅನ್ನುವ ಮನೆಯಲ್ಲೇ ಕೂಸಿಗೆ ಒಳಲೆಯಲ್ಲಿ ನೀರು ಹಾಕುತ್ತಾರೆ. "ಬೇಸಿಗೆ ಅಲ್ವಾ, ಪಾಪ, ಗಂಟಲು ಒಣಗುತ್ತೆ" ಅಂತ. ಆರು ತಿಂಗಳವರೆಗೆ ಮಗುವಿಗೆ ಒಂದು ಹನಿ ನೀರೂ ಬೇಡ, ಎಂಥ ಬೇಸಿಗೆಯಾದರೂ. ಅದಕ್ಕೆ ಬೇಕಾದ ನೀರು ತಾಯಿಯ ಹಾಲಿನಲ್ಲೇ ಇದೆ. ಪುಟ್ಟ ಹೊಟ್ಟೆಯಲ್ಲಿ ನೀರು ತುಂಬಿದರೆ ಅಷ್ಟು ಹಾಲಿಗೆ ಜಾಗ ಇಲ್ಲ. ಜೇನುತುಪ್ಪವನ್ನೂ ಒಂದು ವರ್ಷದವರೆಗೆ ನೆಕ್ಕಿಸಬೇಡಿ. ಹುಟ್ಟಿದ ಮಗುವಿಗೆ ಜೇನು-ತುಪ್ಪ ನೆಕ್ಕಿಸಬೇಕು ಅಂತ ನಮ್ಮ ಗ್ರಂಥದಲ್ಲಿದೆ, ಬಲ್ಲೆ. ಆದರೆ ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಎಳೆಕೂಸಿಗೆ ಅಪಾಯ ಅಂತ ಈಗ ಗೊತ್ತಾಗಿದೆ. ಗೊತ್ತಾದ ಮೇಲೆ ನಾನು ಹೇಗೆ ಹೇಳಲಿ?

ಆ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಮಂಡಿ ನೋವಿಟ್ಟುಕೊಂಡು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಂಡೆಗೆ ಉರಿ ಹಾಕುವ ಹೆಂಗಸು. ನೀರು ಕೊಡಿ ಅಂದರೆ ಕೇಳುವುದಿಲ್ಲ ಅಂತ ಗೊತ್ತಾಯಿತು. ಅದಕ್ಕೇ ಒಂದು ಚೀಟಿ ಬರೆದೆ. ಎರಡು ಲೀಟರ್ ನೀರಿಗೆ ಒಂದು ಚಮಚ ಜೀರಿಗೆ, ಚೂರು ಒಣಶುಂಠಿ, ಐದು ನಿಮಿಷ ಕುದಿಸಿ ಸೋಸುವುದು, ಬೆಚ್ಚಗೆ ಫ್ಲಾಸ್ಕಿನಲ್ಲಿಡುವುದು. ದಿನಕ್ಕೆ ಎಂಟು ಸಲ, ಪ್ರತಿ ಸಲ ಒಂದು ದೊಡ್ಡ ಸ್ಟೀಲ್ ಲೋಟ, ತಪ್ಪಿಸುವಂತಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ 'ಬಾಣಂತಿ ಕಷಾಯ' ಅಂತ ಬರೆದು ಸೀಲ್ ಒತ್ತಿದೆ. ಉರಿಮೂತ್ರಕ್ಕೆ ಮೂತ್ರ ಪರೀಕ್ಷೆ ಮಾಡಿಸಿದೆ, ಸೋಂಕಿತ್ತು, ಅದರ ಮಾತ್ರೆಗೆ ಅವಳ ಹೆರಿಗೆ ಡಾಕ್ಟರ ಹತ್ತಿರವೇ ಕಳಿಸಿದೆ.

ಅಜ್ಜಿ ಗಡಿಯಾರ ಇಟ್ಟುಕೊಂಡು ಕುಡಿಸಿದರಂತೆ. ರಾತ್ರಿ ಎರಡು ಗಂಟೆಗೂ ಎಬ್ಬಿಸಿ. ಎರಡು ವಾರ ಬಿಟ್ಟು ಹುಡುಗಿಯ ಫೋನಿನಿಂದ ಅವರೇ ಮಾತಾಡಿದರು. ಹಿಂದೆ ಮಗು ಅಳುವ ಸದ್ದು.

"ಡಾಕ್ಟ್ರಮ್ಮ, ಕಷಾಯ ತುಂಬ ಚೆನ್ನಾಗಿ ಹಿಡಿಸಿದೆ. ಒಂದು ವಿಷಯ ಕೇಳಬೇಕಿತ್ತು. ಇವತ್ತು ಜೀರಿಗೆ ಮುಗಿದೋಗಿದೆ, ಸಂತೆ ನಾಳೆ. ಒಂದು ದಿನದ ಮಟ್ಟಿಗೆ ಬರೀ ಬಿಸಿನೀರು ಕೊಟ್ಟರೆ ಏನೂ ಆಗಲ್ಲ ತಾನೆ?"

ಒಂದು ದಿನದ ಮಟ್ಟಿಗೆ ಪರವಾಗಿಲ್ಲ ಅಜ್ಜಿ, ಕೊಡಿ ಅಂದೆ.