‘ಫ್ಲೈಟ್ ಆಫ್ ದಿ ನ್ಯಾವಿಗೇಟರ್’ ಚಿತ್ರದ ಎಂಟು ವರ್ಷಗಳು: ಕಾಲ ಹಿಗ್ಗುವಿಕೆಯ ಒಂದು ಲೆಕ್ಕ

ರ‍್ಯಾಂಡಲ್ ಕ್ಲೈಸರ್ ನಿರ್ದೇಶಿಸಿ 1986ರಲ್ಲಿ ತೆರೆಕಂಡ ‘ಫ್ಲೈಟ್ ಆಫ್ ದಿ ನ್ಯಾವಿಗೇಟರ್’ ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಸಾಹಸಚಿತ್ರ. ವಿಶಿಷ್ಟ ಸಾಪೇಕ್ಷತೆಯನ್ನು ಹೊಸದಾಗಿ ಓದುತ್ತಿರುವವರಿಗೆ ಅದರಲ್ಲಿ ಕಾಲ ಹಿಗ್ಗುವಿಕೆಯ, ಅಂದರೆ ಅತಿವೇಗದಲ್ಲಿ ಸಾಗುವವರ ಗಡಿಯಾರ ನಿಧಾನವಾಗುವುದರ, ಒಂದು ಸೊಗಸಾದ ಲೆಕ್ಕವೂ ಇದೆ. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ 1978ರ ಜುಲೈ 4ರ ರಾತ್ರಿ, ತಮ್ಮನನ್ನು ಕರೆತರಲು ಕಾಡುದಾರಿಯಲ್ಲಿ ಹೊರಟ 12 ವರ್ಷದ ಡೇವಿಡ್ ಕೊರಕಲಿಗೆ ಬಿದ್ದು ಎಚ್ಚರ ತಪ್ಪುತ್ತಾನೆ. ಎದ್ದು ಮನೆಗೆ ಬಂದರೆ ಅಲ್ಲಿರುವವರು ಅಪರಿಚಿತರು, ಇಸವಿ 1986. ಹೆತ್ತವರಿಗೆ ವಯಸ್ಸಾಗಿದೆ, 8 ವರ್ಷದ ತಮ್ಮ ಜೆಫ್ 16ರ ಹುಡುಗನಾಗಿದ್ದಾನೆ, ಡೇವಿಡ್‌ಗೆ ಮಾತ್ರ ಇನ್ನೂ 12. ಇದನ್ನು ಕನ್ನಡದಲ್ಲಿ ಹೇಳಹೊರಟರೆ ತೊಡಕು ತಟ್ಟನೆ ಎದುರಾಗುತ್ತದೆ: ಈಗ ಅಣ್ಣ ಯಾರು, ತಮ್ಮ ಯಾರು? ಹುಟ್ಟಿದ ದಿನಾಂಕ ಒಂದು ಉತ್ತರ ಕೊಟ್ಟರೆ ಬೆಳೆದ ಮೈ ಇನ್ನೊಂದನ್ನು ಕೊಡುತ್ತದೆ. ಪ್ರತಿಯೊಬ್ಬರ ದೇಹವೂ ತಾನು ಬದುಕಿದ ಕಾಲವನ್ನಷ್ಟೇ ಎಣಿಸುತ್ತದೆ ಎಂಬುದು ಸಾಪೇಕ್ಷತೆಯ ತಿರುಳು.

ನಾಸಾ ವಿಜ್ಞಾನಿಗಳು ಚಿತ್ರದಲ್ಲಿ ಕೊಡುವ ವಿವರಣೆ ಹೀಗಿದೆ: ಡೇವಿಡ್ ಅನ್ಯಗ್ರಹದ ನೌಕೆಯೊಂದರಲ್ಲಿ 560 ಜ್ಯೋತಿರ್ವರ್ಷ ದೂರದ ಫೇಲಾನ್ ಎಂಬ ಗ್ರಹಕ್ಕೆ ಹೋಗಿಬಂದಿದ್ದಾನೆ; ಅವನ ಪಾಲಿಗೆ ಕಳೆದದ್ದು 4.4 ಗಂಟೆ, ಭೂಮಿಯ ಮೇಲೆ 8 ವರ್ಷ. ಮೊದಲು ಕಾಲದ ಅನುಪಾತವನ್ನು ನೋಡೋಣ. 8 ವರ್ಷವೆಂದರೆ ಸುಮಾರು 70,000 ಗಂಟೆ; ಅದನ್ನು 4.4ರಿಂದ ಭಾಗಿಸಿದರೆ ಹೆಚ್ಚುಕಡಿಮೆ 16,000 ಬರುತ್ತದೆ. ಪಠ್ಯಗಳಲ್ಲಿ ಗಾಮಾ ಎಂದು ಕರೆಯುವ ಗುಣಕ ಇದೇ. ವೇಗ ಹೆಚ್ಚಿಸುವ ಮತ್ತು ತಗ್ಗಿಸುವ ಹಂತಗಳನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಇಷ್ಟು ದೊಡ್ಡ ಗಾಮಾ ದೊರೆಯಲು ನೌಕೆಯ ವೇಗವು ಬೆಳಕಿನ ವೇಗಕ್ಕಿಂತ ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್ ಮಾತ್ರ ಕಡಿಮೆಯಿರಬೇಕು. ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನ ಓಟದಲ್ಲಿ ಮಗುವಿನ ಒಂದು ಹೆಜ್ಜೆಯಷ್ಟು ಅಂತರ! ಈ ಲೆಕ್ಕವನ್ನು ಕಾಗದದ ಮೇಲೆ ನೀವೇ ಮಾಡಿ ನೋಡಬೇಕೆಂದು ಒತ್ತಾಯಿಸುತ್ತೇನೆ.

ಗಡಿಯಾರ ನಿಧಾನವಾಗುವುದು ಬರೀ ಕಲ್ಪನೆಯಲ್ಲ. ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಮ್ಯೂಯಾನ್ ಕಣಗಳ ಸರಾಸರಿ ಆಯುಷ್ಯ 2.2 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬೆಳಕೇ ಸಾಗುವುದು ಸುಮಾರು 660 ಮೀಟರ್. ಆದರೂ ಹತ್ತಾರು ಕಿಲೋಮೀಟರ್ ಮೇಲೆ ಹುಟ್ಟಿದ ಮ್ಯೂಯಾನ್‌ಗಳು ನೆಲ ಮುಟ್ಟುತ್ತವೆ, ಏಕೆಂದರೆ ನಮ್ಮ ದೃಷ್ಟಿಯಲ್ಲಿ ಅವುಗಳ ಗಡಿಯಾರ ನಿಧಾನವಾಗಿ ನಡೆಯುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವರ್ಷಗಟ್ಟಲೆ ಎಣಿಸಿದ್ದು ಇದೇ ಮ್ಯೂಯಾನ್‌ಗಳನ್ನು.

ಚಿತ್ರ ಎಡವುವುದು ದೂರದ ವಿಷಯದಲ್ಲಿ. ಬೆಳಕಿನ ವೇಗವನ್ನು ಮೀರದ ನೌಕೆಯು ಭೂಮಿಯ 8 ವರ್ಷಗಳೊಳಗೆ ಹೋಗಿ ಮರಳಬೇಕಾದರೆ 4 ಜ್ಯೋತಿರ್ವರ್ಷದಾಚೆಗೆ ಹೋಗಲಾರದು. ಸೂರ್ಯನ ನಂತರ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯೇ 4.2 ಜ್ಯೋತಿರ್ವರ್ಷ ದೂರದಲ್ಲಿದೆ. 560 ಜ್ಯೋತಿರ್ವರ್ಷಕ್ಕೆ ಹೋಗಿಬರಲು ಭೂಮಿಯ ಲೆಕ್ಕದಲ್ಲಿ ಕನಿಷ್ಠ 1,120 ವರ್ಷ ಬೇಕು, ಅಂದರೆ ಡೇವಿಡ್ ಕಾಲಿಡುವುದು 3098ರಲ್ಲಿ. ಆಗ ಅವನನ್ನು ತಬ್ಬಿಕೊಳ್ಳಲು ತಾಯಿ ಇರುವುದಿಲ್ಲ, ಜೆಫ್‌ನ ಹೆಸರು ಬಲ್ಲವರೂ ಇರುವುದಿಲ್ಲ. ಎಲ್ಲರೂ ಬದುಕಿದ್ದು, ಯಾರೂ ಮೊದಲಿನಂತಿಲ್ಲದ ಮನೆಯನ್ನು ತೋರಿಸಲು 8 ವರ್ಷವೇ ತಕ್ಕ ಅವಧಿ. ನನ್ನ ಮಟ್ಟಿಗೆ ಕಥೆಗಾಗಿ ಮಾಡಿಕೊಂಡ ಈ ತಪ್ಪು ಕ್ಷಮಾರ್ಹ, ಆದರೆ ಪರೀಕ್ಷೆಯ ಉತ್ತರದಲ್ಲಿ ಅದನ್ನು ಬರೆಯಬಾರದು.

ಚಿತ್ರದ ಕೊನೆಗೆ ನೌಕೆಯನ್ನು ನಡೆಸುವ ಯಂತ್ರ ಮ್ಯಾಕ್ಸ್ ಡೇವಿಡ್‌ನನ್ನು 1978ಕ್ಕೇ ಮರಳಿಸುವುದನ್ನು ಕಾಲ ಹಿಗ್ಗುವಿಕೆಯೊಂದಿಗೆ ಬೆರೆಸಬೇಡಿ. ಗಾಮಾ ಎಂದೂ 1ಕ್ಕಿಂತ ಕಡಿಮೆಯಾಗದು. ಆ ಸೂತ್ರ ಪಯಣಿಗನನ್ನು ಭವಿಷ್ಯಕ್ಕೆ ಒಯ್ಯಬಲ್ಲದೇ ಹೊರತು ಹಿಂದಕ್ಕೆ ತರಲಾರದು. ಅಭ್ಯಾಸಕ್ಕಾಗಿ ಒಂದು ಪ್ರಶ್ನೆ: ತಮ್ಮನಿಗೂ 12 ತುಂಬಿರುವಾಗಲೇ ಡೇವಿಡ್ ಮರಳಬೇಕಾದರೆ, ನೌಕೆ ಹೆಚ್ಚೆಂದರೆ ಎಷ್ಟು ದೂರ ಹೋಗಿರಬಹುದು?