ಬುದ್ಧಿಯ ಅಳತೆ: ಪ್ಯಾರಿಸಿನಿಂದ ಧಾರವಾಡಕ್ಕೆ, ಧಾರವಾಡದಿಂದ ಕೊಡಗಿಗೆ

ಕೊಡಗಿನ ಯಾವುದಾದರೂ ಶಾಲೆಯಲ್ಲಿ ಮಗುವೊಂದು ಮೂರನೇ ತರಗತಿಗೆ ಬಂದರೂ ಅದಕ್ಕೆ ಓದು ಹತ್ತದಿದ್ದರೆ, ಪೋಷಕರಿಗೆ ಸಿಗುವ ಸಲಹೆಗಳಲ್ಲಿ ಒಂದು, ಮಗುವಿಗೆ ಬುದ್ಧಿಮತ್ತೆಯ ಪರೀಕ್ಷೆ ಮಾಡಿಸಿ ಎಂಬುದು. ಪರೀಕ್ಷೆಯಿಂದ ಬರುವ ಐಕ್ಯೂ ಎಂಬ ಬುದ್ಧಿಮತ್ತೆಯ ಅಂಕಿ ಸರಾಸರಿಯ ಮಟ್ಟವಾದ 100ರ ಆಸುಪಾಸಿನಲ್ಲಿದ್ದರೆ ಒಂದು ದಾರಿ, 70ಕ್ಕಿಂತ ಕೆಳಗಿದ್ದರೆ ಇನ್ನೊಂದು ದಾರಿ. ತೋಟದ ಕಾರ್ಮಿಕರ ಲೈನ್ ಮನೆಯಲ್ಲೋ ಆದಿವಾಸಿಗಳ ಹಾಡಿಯಲ್ಲೋ ಬೆಳೆದ ಮಗುವಿನ ಮುಂದಿನ ಬದುಕನ್ನು ತಿರುಗಿಸಬಲ್ಲ ಈ ಅಂಕಿ ಎಲ್ಲಿಂದ ಬಂತು, ಅದು ಅಳೆಯುವುದಾದರೂ ಏನನ್ನು ಎಂದು ವಿಚಾರಿಸುವುದು ಅಗತ್ಯ.

ಕಥೆ ಆರಂಭವಾಗುವುದು 1904ರ ಫ್ರಾನ್ಸಿನಲ್ಲಿ. ಶಿಕ್ಷಣ ಕಡ್ಡಾಯವಾದ ಮೇಲೆ ತರಗತಿಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ, ಅವರಿಗೆ ವಿಶೇಷ ಪಾಠದ ವ್ಯವಸ್ಥೆ ಮಾಡುವ ಸಲುವಾಗಿ ಸರ್ಕಾರ ನೇಮಿಸಿದ ಸಮಿತಿಯಲ್ಲಿದ್ದ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ, ಸಹೋದ್ಯೋಗಿ ಥಿಯೊಡೊರ್ ಸಿಮೊನ್ ಜೊತೆಗೂಡಿ 1905ರಲ್ಲಿ 30 ಪ್ರಶ್ನೆಗಳ ಮಾಪನವೊಂದನ್ನು ಪ್ರಕಟಿಸಿದರು. ಬುದ್ಧಿ ಹುಟ್ಟಿನಿಂದಲೇ ನಿಗದಿಯಾದದ್ದು, ಅದನ್ನು ಹೆಚ್ಚಿಸಲಾಗದು ಎಂಬ ನಿಲುವನ್ನು ಬಿನೆ 1909ರಲ್ಲೇ ಕಟುವಾಗಿ ಖಂಡಿಸಿದ್ದರು. ಆದರೆ 1911ರಲ್ಲಿ ಅವರು ತೀರಿಕೊಂಡ ಬಳಿಕ ಮಾಪನದ ಉದ್ದೇಶವೇ ಬದಲಾಯಿತು. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್, ಮಾನಸಿಕ ವಯಸ್ಸನ್ನು (ಮಗುವಿನ ಉತ್ತರಗಳು ಸಾಮಾನ್ಯವಾಗಿ ಯಾವ ವಯಸ್ಸಿನ ಮಕ್ಕಳ ಮಟ್ಟದಲ್ಲಿವೆಯೋ ಆ ವಯಸ್ಸನ್ನು) ನಿಜವಾದ ವಯಸ್ಸಿನಿಂದ ಭಾಗಿಸುವ ಲೆಕ್ಕವನ್ನು ಸೂಚಿಸಿದರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು 100ರಿಂದ ಗುಣಿಸಿ ಐಕ್ಯೂ ಎಂದು ಬಳಕೆಗೆ ತಂದರು. ನೆರವು ಯಾರಿಗೆ ಬೇಕೆಂದು ತಿಳಿಯಲು ಹುಟ್ಟಿದ ಸಾಧನ, ಯಾರು ಮೇಲು ಯಾರು ಕೀಳು ಎಂದು ವಿಂಗಡಿಸುವ ಸಾಧನವಾದದ್ದು ಈ ಚರಿತ್ರೆಯ ಅತ್ಯಂತ ನೋವಿನ ಭಾಗವೆಂದು ನಾನು ಭಾವಿಸುತ್ತೇನೆ.

ಕನ್ನಡ ನಾಡಿಗೆ ಈ ವಿದ್ಯೆ ಬೇಗನೆ ಬಂತು. ಎಲ್ಲ ಬಗೆಯ ಬೌದ್ಧಿಕ ಕೆಲಸಗಳ ಹಿಂದೆ ಒಂದು ಸಾಮಾನ್ಯ ಶಕ್ತಿಯಿದೆ ಎಂದು 1904ರಲ್ಲಿ ವಾದಿಸಿದ್ದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಲಂಡನ್ನಿನಲ್ಲಿ ಕಲಿತ ಎಂ. ವಿ. ಗೋಪಾಲಸ್ವಾಮಿ, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಮುಂದಿನ ದಶಕದಲ್ಲಿ ವಿ. ವಿ. ಕಾಮತ್ ಅವರು ಬಿನೆ ಮಾಪನಕ್ಕೆ ಟರ್ಮನ್ ಕೊಟ್ಟ ರೂಪವನ್ನು ಕನ್ನಡ ಮತ್ತು ಮರಾಠಿಗೆ ಒಗ್ಗಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ದೇಶದ ಹಲವೆಡೆ ಬಳಕೆಯಲ್ಲಿದೆ. ಪ್ರಶ್ನೆಗಳನ್ನು ನಮ್ಮ ಮಕ್ಕಳ ಮೇಲೆ ಪ್ರಯೋಗಿಸಿ ಹೊಂದಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಆ ಕೆಲಸ ನಡೆದದ್ದು ಧಾರವಾಡದ ಕಡೆ. ಕೊಡಗು ಆಗ ಬೇರೆಯೇ ಪ್ರಾಂತ್ಯವಾಗಿತ್ತು, ಕನ್ನಡ ನಾಡಿನ ಉಳಿದ ಭಾಗಗಳೊಡನೆ ಒಂದಾದದ್ದು 1956ರಲ್ಲಿ.

ಪರೀಕ್ಷೆಯ ಒಂದು ಅಂಶವನ್ನು ಹತ್ತಿರದಿಂದ ನೋಡೋಣ. ಪರೀಕ್ಷಕರು ಸೆಕೆಂಡಿಗೊಂದರಂತೆ ಅಂಕಿಗಳನ್ನು ಹೇಳುತ್ತಾರೆ, ಮಗು ಅವನ್ನು ಅದೇ ಕ್ರಮದಲ್ಲಿ ಹೇಳಬೇಕು. ಆಗ ಮನಸ್ಸು ಕೇಳಿದ ಧ್ವನಿಯನ್ನು ಒಳಗೊಳಗೇ ಪುನರುಚ್ಚರಿಸುತ್ತ ಹಿಡಿದಿಡುತ್ತದೆ. ಹೀಗೆ ಹಿಡಿದಿಡಬಲ್ಲದ್ದು ಸುಮಾರು ಎರಡು ಸೆಕೆಂಡಿನಲ್ಲಿ ಉಚ್ಚರಿಸಬಹುದಾದಷ್ಟು ಮಾತ್ರ ಎಂದು 1970ರ ದಶಕದ ಬ್ರಿಟಿಷ್ ಸಂಶೋಧನೆಗಳು ತೋರಿಸಿದವು. ವೇಲ್ಸ್‌ನಲ್ಲಿ ವೆಲ್ಷ್, ಇಂಗ್ಲಿಷ್ ಎರಡೂ ಭಾಷೆ ಬಲ್ಲವರನ್ನು ಪರೀಕ್ಷಿಸಿದಾಗ, ಉಚ್ಚಾರಣೆಗೆ ಹೆಚ್ಚು ಹೊತ್ತು ಹಿಡಿಯುವ ವೆಲ್ಷ್ ಅಂಕಿಗಳು ಇಂಗ್ಲಿಷ್ ಅಂಕಿಗಳಿಗಿಂತ ಕಡಿಮೆ ಸಂಖ್ಯೆಯಲ್ಲಿ ನೆನಪಿನಲ್ಲಿ ಉಳಿದದ್ದು 1980ರಲ್ಲಿ ವರದಿಯಾಯಿತು. ಬುದ್ಧಿ ಅದೇ, ಭಾಷೆ ಬದಲಾದಾಗ ಅಂಕ ಬದಲಾಯಿತು. ಮನೆಯಲ್ಲಿ ಯರವ ನುಡಿಯನ್ನೋ ಜೇನುಕುರುಬರ ನುಡಿಯನ್ನೋ ಕೊಡವ ತಕ್ಕನ್ನೋ ಆಡುವ, ಶಾಲೆಗೆ ಬಂದ ಮೇಲಷ್ಟೇ ಕನ್ನಡ ಕಲಿತ ಮಗುವಿಗೆ ಒಂದು, ಎರಡು, ಮೂರು ಎಂಬ ಅಂಕಿಗಳು ನಾಲಗೆಯಲ್ಲಿ ಸಲೀಸಾಗಿ ಹರಿಯದಿದ್ದರೆ, ಆ ನಿಧಾನವೂ ಬುದ್ಧಿಯ ಕೊರತೆಯ ಲೆಕ್ಕಕ್ಕೇ ಸೇರಿಬಿಡುತ್ತದೆ.

ಭಾಷೆಯಷ್ಟೇ ಶಾಲೆಯೂ ಮುಖ್ಯ. 1930ರ ದಶಕದ ಆರಂಭದಲ್ಲಿ ರಷ್ಯಾದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯ ಉಜ್ಬೆಕಿಸ್ತಾನದ ಅನಕ್ಷರಸ್ಥ ರೈತರಿಗೆ ಸುತ್ತಿಗೆ, ಗರಗಸ, ಕೊಡಲಿ ಮತ್ತು ಮರದ ದಿಮ್ಮಿಯ ಚಿತ್ರಗಳನ್ನು ತೋರಿಸಿ, ಗುಂಪಿಗೆ ಸೇರದ್ದು ಯಾವುದೆಂದು ಕೇಳಿದರು. ದಿಮ್ಮಿಯಿಲ್ಲದೆ ಗರಗಸಕ್ಕೇನು ಕೆಲಸ ಎಂದು ಅವರು ಯಾವುದನ್ನೂ ಬಿಡಲೊಪ್ಪಲಿಲ್ಲ. ಒಂದೆರಡು ವರ್ಷ ಶಾಲೆಗೆ ಹೋದವರು ಮಾತ್ರ ದಿಮ್ಮಿಯನ್ನು ಬೇರ್ಪಡಿಸಿದರು. ಮರಕಪಾತಿಗೆ, ಅಂದರೆ ತೋಟದ ಮರಗಳ ಕೊಂಬೆ ಕಡಿಯಲು, ಹೊರಟ ಅಪ್ಪನ ಕತ್ತಿಯನ್ನೂ ಏಣಿಯನ್ನೂ ನೋಡಿ ಬೆಳೆದ ಮಗು, ಬಳಕೆಯ ಸಂಬಂಧದ ಮೇಲೆ ವಸ್ತುಗಳನ್ನು ಜೋಡಿಸಿದರೆ ಅದೂ ಯೋಚನೆಯೇ. ಅದಕ್ಕೆ ಪರೀಕ್ಷೆಯಲ್ಲಿ ಅಂಕವಿಲ್ಲ, ಅಷ್ಟೇ.

ಚಿತ್ರವಿನ್ಯಾಸಗಳನ್ನಷ್ಟೇ ಬಳಸುವ ರೇವನ್ ಪರೀಕ್ಷೆ 1938ರಲ್ಲೇ ಬಂದಿದ್ದರೂ, ಅದರಲ್ಲಿಯೂ ಅನೇಕ ದೇಶಗಳ ಜನರ ಅಂಕ ತಲೆಮಾರಿನಿಂದ ತಲೆಮಾರಿಗೆ ಏರಿದ್ದನ್ನು ಸಂಶೋಧಕ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಭಾಷೆಯನ್ನು ತೆಗೆದರೂ ಕಾಲದ, ಪರಿಸರದ ಪ್ರಭಾವ ಉಳಿದೇ ಇತ್ತು.

ಈ ದೃಷ್ಟಿಯಿಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಹತ್ವದ್ದು. ಬೌದ್ಧಿಕ ಅಂಗವೈಕಲ್ಯವೆನ್ನಲು ತರ್ಕ ಮತ್ತು ಕಲಿಕೆಯ ಮಿತಿಯೊಂದೇ ಸಾಲದು, ದಿನನಿತ್ಯದ ಬದುಕಿನ ಕೌಶಲಗಳಲ್ಲೂ ಗಣನೀಯ ಮಿತಿ ಇರಬೇಕೆಂದು ಅದು ಹೇಳುತ್ತದೆ. ಮಗು ತಾನೇ ಉಂಡು ಉಡುತ್ತದೆಯೇ, ಅಂಗಡಿಗೆ ಹೋಗಿ ಸಾಮಾನು ತರುತ್ತದೆಯೇ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತದೆಯೇ ಎಂಬುದನ್ನು ಹೇಳಬಲ್ಲವರು ಮನೆಯವರೇ. ಅವರ ನುಡಿ ಬಲ್ಲ ಒಬ್ಬರನ್ನು ಪರೀಕ್ಷೆಯ ವೇಳೆ ಜೊತೆಗೆ ಕೂರಿಸಿಕೊಳ್ಳುವುದು, ವರದಿಯಲ್ಲಿ ಮಗುವಿನ ಮನೆಮಾತನ್ನೂ ಅದು ಶಾಲೆ ಕಂಡ ವರ್ಷಗಳನ್ನೂ ನಮೂದಿಸುವುದು, ಕನ್ನಡ ಇನ್ನಷ್ಟು ರೂಢಿಯಾದ ಮೇಲೆ ಮತ್ತೊಮ್ಮೆ ಪರೀಕ್ಷಿಸುವುದು, ಇವಿಷ್ಟನ್ನು ಕೊಡಗಿನಲ್ಲಿ ಕಡ್ಡಾಯವಾಗಿ ಪಾಲಿಸಬೇಕು.